ಕರೆಯದೆ ಹೊಲಕ್ಕೆ ಬಂದವರಿಗೆ ಏನಾದರೂ ಆದರೆ ಹೊಣೆ ಯಾರದು?

ಶಿರಾ ಸೀಮೆ
ಹೋದ ವರ್ಷ ಶಿರಾ ಕಡೆ ಸ್ವಲ್ಪ ಹೊಲ ಕೊಂಡೆವು. ಹಳೇ ಮಾಲೀಕರು ಕೊರೆಸಿದ ಒಂದು ಬೋರ್‌ವೆಲ್ ಅದರಲ್ಲಿದೆ. ನೀರು ಬೀಳಲಿಲ್ಲ ಅಂತ ಕೇಸಿಂಗ್ ಪೈಪ್ ಕಿತ್ತುಕೊಂಡು ಹೋಗಿದ್ದಾರೆ. ಉಳಿದಿರುವುದು ಬರೀ ತೂತು. ಬಾಯಿಗೆ ಗೋಣಿಚೀಲ ತುರುಕಿ ಮೇಲೊಂದು ಚಪ್ಪಡಿ ಎಳೆದಿದ್ದಾರೆ. ಸುತ್ತ ಹುಲ್ಲು ಬೆಳೆದು, ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ.

ಪಕ್ಕದಲ್ಲೇ ನೇರಳೆ ಮರ ಇದೆ. ಹಣ್ಣಿನ ಕಾಲ ಬಂದರೆ ಊರಿನ ಮಕ್ಕಳು ಬೇಲಿ ನುಸಿದು ಬರುತ್ತಾರೆ. ಬೈದರೆ ಅವತ್ತು ಓಡುತ್ತಾರೆ, ಮಾರನೇ ದಿನ ಮತ್ತೆ ಹಾಜರು.

ನಮ್ಮದನ್ನು ಮುಚ್ಚಿಸುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದ ಹೊಲದಲ್ಲೂ ಇಂಥವೇ ಎರಡು ಇವೆ. ಅವರಿಗೆ ಹೇಳಿದರೆ "ನನ್ನ ಜಾಗ, ಬೇಲಿ ಹಾಕಿದ್ದೀನಿ, ಕದ್ದು ಬಂದವರಿಗೆ ನಾನ್ಯಾಕೆ ಜವಾಬ್ದಾರಿ" ಅಂತಾರೆ. ಕಾನೂನು ನಿಜವಾಗಲೂ ಹಾಗೇ ಇದೆಯಾ? ಕರೆಯದವರಿಗೂ ಎಚ್ಚರಿಕೆ ವಹಿಸುವ ಹೊಣೆ ನಮ್ಮ ಮೇಲಿದೆಯಾ? ಗೊತ್ತಿರುವವರು ಹೇಳಿ, ಅವರಿಗೆ ಓದಿಸಬೇಕು.

ನೇರ ಮಾತು
ಪಕ್ಕದವರು ಹೇಳಿದ್ದರಲ್ಲಿ ತಪ್ಪೇನಿದೆ? ಬೇಲಿ ಹಾಕಿದ ಮೇಲೆ ಒಳಗೆ ಬಂದವನದೇ ತಪ್ಪು. ಮಕ್ಕಳನ್ನು ನೋಡಿಕೊಳ್ಳುವುದು ಅಪ್ಪ ಅಮ್ಮನ ಕೆಲಸ.

ಬಾಗಲಕೋಟೆ ಮಂದಿ
ಹೀಗೆ ಮಾತಾಡೋರನ್ನ ಒಂದು ಸಲ ಝುಂಜರವಾಡಕ್ಕೆ ಕರಕೊಂಡು ಹೋಗಬೇಕು. ಅಥಣಿ ತಾಲ್ಲೂಕು, 2017. ಆರು ವರ್ಷದ ಹುಡುಗಿ ಇಂಥದೇ ತೂತಿಗೆ ಬಿದ್ದಳು. ಎರಡು ದಿನಕ್ಕಿಂತ ಜಾಸ್ತಿ ಹೊತ್ತು ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಉಳಿಯಲಿಲ್ಲ.

ಇಂಡಿ ಲಿಂಬಿ
2024ರ ಏಪ್ರಿಲ್‌ನಲ್ಲಿ ನಮ್ಮ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸು ಬದುಕಿ ಬಂತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡ ಕೊರೆದು, ಸುಮಾರು ಇಪ್ಪತ್ತು ತಾಸಿನ ಮೇಲೆ ಹೊರಗೆ ತೆಗೆದರು. ಅದು ಮನೆಯವರದೇ ಹೊಲ, ಹೊಸದಾಗಿ ಕೊರೆಸಿದ್ದ ಬೋರು. ಹಾಗಾಗಿ "ಕದ್ದು ಬಂದವರು" ಅನ್ನುವ ಮಾತೇ ಇಲ್ಲಿ ಸಲ್ಲುವುದಿಲ್ಲ. ತೂತು ಮೊದಲು ಸಿಗುವುದು ನಮ್ಮ ಮಕ್ಕಳಿಗೇ.

ಹುಬ್ಬಳ್ಳಿ ವಕೀಲ
ಮೂಲ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

"ಕರೆದಿಲ್ಲ, ಹಾಗಾಗಿ ಹೊಣೆ ಇಲ್ಲ" ಅನ್ನುವುದು ಒಂದು ಕಾಲದಲ್ಲಿ ನಿಜವಾಗಲೂ ಕಾನೂನಾಗಿತ್ತು. 1929ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತಿ ದೊಡ್ಡ ಕೋರ್ಟು) ಆಡಿ ವರ್ಸಸ್ ಡಂಬ್ರೆಕ್ ಕೇಸಿನಲ್ಲಿ ಹಾಗೇ ಹೇಳಿತ್ತು. ಗಣಿಯ ಚಕ್ರಕ್ಕೆ ಸಿಕ್ಕಿ ನಾಲ್ಕು ವರ್ಷದ ಹುಡುಗ ಸತ್ತಿದ್ದ. ಅಲ್ಲಿ ಮಕ್ಕಳು ಆಡುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಅನುಮತಿ ಇಲ್ಲದೆ ಬಂದವನು ಅಂತ ಕಂಪನಿಯನ್ನು ಬಿಟ್ಟುಬಿಟ್ಟರು.

1972ರಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್ ಆ ದಾರಿ ಬಿಟ್ಟಿತು. ಹೆರಿಂಗ್ಟನ್ ಕೇಸ್. ರೈಲ್ವೆ ಬೇಲಿ ಮುರಿದಿತ್ತು. ಮಕ್ಕಳು ಅಡ್ಡದಾರಿ ಮಾಡಿಕೊಂಡಿದ್ದರು. ಸ್ಟೇಷನ್ ಮಾಸ್ಟರ್‌ಗೆ ಅದು ಗೊತ್ತಿತ್ತು. ಆರು ವರ್ಷದ ಹುಡುಗ ಕರೆಂಟ್ ಹರಿಯುವ ಹಳಿ ಮೇಲೆ ಬಿದ್ದು ಸುಟ್ಟುಕೊಂಡ. ಅನುಮತಿ ಇಲ್ಲದೆ ಬಂದವನಾದರೂ ಮನುಷ್ಯ ಅನ್ನುವ ಕನಿಷ್ಠ ಕಾಳಜಿ ಇರಲೇಬೇಕು ಅಂದರು. ರೈಲ್ವೆ ಸೋತಿತು.

ನಮ್ಮ ಸುಪ್ರೀಂ ಕೋರ್ಟ್ 1963ರಲ್ಲೇ ಹತ್ತಿರದ ಮಾತು ಹೇಳಿತ್ತು. ಚೆರುಬಿನ್ ಗ್ರೆಗರಿ ಕೇಸ್, ಬಿಹಾರದ್ದು. ಪಕ್ಕದ ಮನೆಯವರು ತನ್ನ ಕಕ್ಕಸು ಬಳಸುತ್ತಾರೆ ಅಂತ ಒಬ್ಬ ದಾರಿಗೆ ಅಡ್ಡಲಾಗಿ ಬರಿಯ ತಂತಿ ಎಳೆದು ಕರೆಂಟ್ ಬಿಟ್ಟ. ಎಚ್ಚರಿಕೆಯ ಫಲಕ ಇರಲಿಲ್ಲ. ನೆರೆಮನೆಯ ಹೆಂಗಸು ತಂತಿ ಮುಟ್ಟಿ ಸತ್ತರು. "ಅವರು ಅತಿಕ್ರಮಣ ಮಾಡಿದರು" ಅನ್ನುವ ವಾದ ನಡೆಯಲಿಲ್ಲ. ಶಿಕ್ಷೆ ಖಾಯಂ ಆಯಿತು.

ಹಾಗಾಗಿ ಕೋರ್ಟು ಕರೆದಿದ್ದೀರಾ ಇಲ್ಲವಾ ಅಂತ ಕೇಳಿ ಸುಮ್ಮನಾಗುವುದಿಲ್ಲ. ಬರುತ್ತಾರೆ ಅಂತ ಗೊತ್ತಿತ್ತಾ? ಅಪಾಯ ಗೊತ್ತಿತ್ತಾ? ತಪ್ಪಿಸುವುದು ನಿಮ್ಮ ಕೈಲಿ ಇತ್ತಾ? ಮೂರಕ್ಕೂ ಹೌದು ಅಂದರೆ ಹೊಣೆ ಬಂತು ಅಂತಲೇ ಇಟ್ಟುಕೊಳ್ಳಿ. ಶಿರಾದವರ ನೆರೆಯವರ ವಿಷಯದಲ್ಲಿ ಮೂರಕ್ಕೂ ಉತ್ತರ ಹೌದು.

ನೇರ ಮಾತು
ಕರೆಂಟ್ ತಂತಿ ಬೇರೆ, ಬೋರ್ ಬೇರೆ. ಆ ಮನುಷ್ಯ ಬೇಕಂತಲೇ ಎಳೆದ. ಬೋರ್ ಯಾರೂ ಮಕ್ಕಳು ಬೀಳಲಿ ಅಂತ ಕೊರೆಸುವುದಿಲ್ಲ. ರೈತ ಸಾಲ ಮಾಡಿ ಕೊರೆಸಿ, ನೀರು ಬರದೆ ಮುಳುಗಿರುತ್ತಾನೆ. ಅವನ ಮೇಲೆ ಕೇಸ್ ಬೇರೆ ಹಾಕಬೇಕಾ?

ಹುಬ್ಬಳ್ಳಿ ವಕೀಲ
ತಂತಿ ಕೇಸಿನಲ್ಲಿ ತಪ್ಪಿನ ತೂಕ ಜಾಸ್ತಿ, ನಿಜ. ಆದರೆ ನಿರ್ಲಕ್ಷ್ಯದ ಕಾನೂನಿಗೆ ಕೆಟ್ಟ ಉದ್ದೇಶ ಬೇಕಾಗಿಯೇ ಇಲ್ಲ. ಉದ್ದೇಶ ಇದ್ದರೆ ಅದು ಬೇರೆ ಅಪರಾಧವೇ ಆಗುತ್ತೆ. ಗಮನ ಕೊಡಬೇಕಾದವನು ಕೊಡಲಿಲ್ಲ, ಅದರಿಂದ ಇನ್ನೊಬ್ಬರಿಗೆ ಪೆಟ್ಟಾಯಿತು. ಇಷ್ಟೇ.

ಮಲೆನಾಡ ಮಳೆ
ಅಪ್ಪ ಅಮ್ಮನ ತಪ್ಪು ಅನ್ನುವ ವಾದ ಕೋರ್ಟಲ್ಲಿ ನಿಲ್ಲುತ್ತಾ?

ಹುಬ್ಬಳ್ಳಿ ವಕೀಲ
ತೀರಾ ಚಿಕ್ಕ ಮಗುವಿಗೆ "ನೀನೇ ಎಚ್ಚರ ತಪ್ಪಿದೆ" ಅಂತ ಪರಿಹಾರ ಕಡಿಮೆ ಮಾಡುವುದನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಐದು ವರ್ಷದವನಿಗೆ ಹುಲ್ಲಿನ ಕೆಳಗೆ ತೂತು ಇದೆ ಅಂತ ಹೇಗೆ ಗೊತ್ತಾಗಬೇಕು? ದೊಡ್ಡವರಾದರೆ ಬೇರೆ ಲೆಕ್ಕ.

ಗ್ಲಾಸ್ಗೋ ಕನ್ನಡಿಗ
ನೇರಳೆ ಹಣ್ಣು ಅಂದಾಗ ನೆನಪಾಯಿತು. ನಾನಿರುವ ಊರಿನದೇ ಒಂದು ಹಳೇ ಕೇಸಿದೆ, 1922ರದ್ದು. ಇಲ್ಲಿನ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಒಂದು ಗಿಡ. ನೋಡಲು ಆಸೆ ಹುಟ್ಟಿಸುವ ಹಣ್ಣು, ಆದರೆ ವಿಷ. ಏಳು ವರ್ಷದ ಹುಡುಗ ಕಿತ್ತು ತಿಂದು ಸತ್ತ. ಬೋರ್ಡ್ ಇರಲಿಲ್ಲ, ಸರಿಯಾದ ಬೇಲಿಯೂ ಇರಲಿಲ್ಲ. ಮಕ್ಕಳನ್ನು ಸೆಳೆಯುವ ವಸ್ತು ಇಟ್ಟುಕೊಂಡ ಮೇಲೆ ಹೊಣೆ ಹೆಚ್ಚು ಅಂತ ನಗರಸಭೆಯ ವಿರುದ್ಧ ಮಾತು ಬಂತು. ನಿಮ್ಮ ನೇರಳೆಯಲ್ಲಿ ವಿಷ ಇಲ್ಲ ನಿಜ. ಆದರೆ ಮಕ್ಕಳನ್ನು ಆ ತೂತಿನ ಹತ್ತಿರ ಕರೆತರುವುದು ಅದೇ ಮರ.

ಈ ನಿರ್ಲಕ್ಷ್ಯದ ಕಾನೂನಿನ ಬೇರೂ ಇಲ್ಲೇ ಹತ್ತಿರ ಇದೆ. ಪೇಸ್ಲಿ ಅನ್ನುವ ಊರು. 1928ರ ಆಗಸ್ಟ್ 26ರಂದು ಮೇ ಡೊನೋಹ್ಯೂ ಅನ್ನುವ ಹೆಂಗಸು ಗೆಳತಿ ಜೊತೆ ಅಲ್ಲಿನ ಕೆಫೆಗೆ ಹೋದರು. ಗೆಳತಿ ದುಡ್ಡು ಕೊಟ್ಟು ಐಸ್‌ಕ್ರೀಮಿಗೆ ಜಿಂಜರ್ ಬಿಯರ್ ಹಾಕಿಸಿದರು. ಬಾಟಲಿ ಕಂದು ಬಣ್ಣದ್ದು, ಒಳಗೆ ಕಾಣುವುದಿಲ್ಲ. ಉಳಿದಿದ್ದನ್ನು ಸುರಿದಾಗ ಕೊಳೆತ ಬಸವನಹುಳ ಬಂತು ಅಂತ ಅವರ ದೂರು. ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದರು. ಕೊಂಡಿದ್ದು ಅವರಲ್ಲ, ಹಾಗಾಗಿ ಅಂಗಡಿಯವನ ಜೊತೆ ಕರಾರು ಇಲ್ಲ. ತಯಾರಕ ಸ್ಟೀವನ್‌ಸನ್ ಜೊತೆಗಂತೂ ಇಲ್ಲವೇ ಇಲ್ಲ. 1932ರ ಮೇ 26ರಂದು ಮೂರಕ್ಕೆ ಎರಡು ಮತದಲ್ಲಿ ತೀರ್ಪು ಬಂತು: ಕರಾರು ಇಲ್ಲದಿದ್ದರೂ, ಕುಡಿಯುವವರ ಬಗ್ಗೆ ತಯಾರಕನಿಗೆ ಹೊಣೆ ಇದೆ. ಲಾರ್ಡ್ ಆಟ್ಕಿನ್ ಅಲ್ಲಿ ಹೇಳಿದ್ದರ ಸಾರ ಇದು. ನಾನು ಮಾಡುವ ಕೆಲಸದಿಂದ ಯಾರಿಗೆ ನೇರವಾಗಿ ಪೆಟ್ಟಾಗಬಹುದೋ, ಕೆಲಸ ಮಾಡುವಾಗ ಯಾರು ನನ್ನ ಮನಸ್ಸಿನಲ್ಲಿ ಇರಲೇಬೇಕೋ, ಅವರೇ ಕಾನೂನಿನ ಕಣ್ಣಲ್ಲಿ ನನ್ನ ನೆರೆಯವರು.

ಕೆಫೆ ಈಗಿಲ್ಲ. ಆ ಜಾಗದಲ್ಲಿ ನೆನಪಿಗೆ ಅಂತ ಫಲಕ ಇದೆ.

ಕೆಂಗೇರಿ ಗಿರಿ
ಬಸವನಹುಳ ನಿಜವಾಗಲೂ ಇತ್ತು ಅಂತ ಸಾಬೀತಾಯಿತಾ?

ಗ್ಲಾಸ್ಗೋ ಕನ್ನಡಿಗ
ಇಲ್ಲ. ದೂರು ನಿಜ ಅಂತ ಇಟ್ಟುಕೊಂಡರೆ ಹೊಣೆ ಬರುತ್ತಾ ಅನ್ನುವುದಷ್ಟೇ ಹೌಸ್ ಆಫ್ ಲಾರ್ಡ್ಸ್ ಮುಂದಿದ್ದ ಪ್ರಶ್ನೆ. ಸಾಕ್ಷಿ ವಿಚಾರಣೆ ನಡೆಯುವ ಮೊದಲೇ ಸ್ಟೀವನ್‌ಸನ್ ತೀರಿಕೊಂಡರು, ಕೇಸು ರಾಜಿಯಾಯಿತು.

ಚಿಂತಾಮಣಿ ಸೀನ
ನೀರಿನ ಪಾಯಿಂಟ್ ತೋರಿಸಿದವನ ಮೇಲೆ ಕೇಸ್ ಹಾಕಬಹುದಾ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದ, ಕಾಯಿ ಎದ್ದು ನಿಂತ ಕಡೆ ಗುರುತು ಹಾಕಿದ. ಸಾವಿರದ ಇನ್ನೂರು ಅಡಿ ಹೋದರೂ ಬರೀ ಧೂಳು. ಇದನ್ನು ಕೇಳುವವರೇ ಇಲ್ಲ.

ಮಲೆನಾಡ ಮಳೆ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸೀನಣ್ಣ, ಅದೇ ನೂರು ಕಾಮೆಂಟ್ ಆಗುತ್ತೆ.

ರಿಗ್ ರಾಜಣ್ಣ
ನಾನು ಬೋರ್ ಲಾರಿ ಇಟ್ಟುಕೊಂಡಿರುವವನು. ಒಂದು ಮಾತು ಹೇಳಬೇಕು. ಅಪಾಯ ಜಾಸ್ತಿ ಆಗುವುದು ಕೇಸಿಂಗ್ ಕಿತ್ತಾಗ. ಪೈಪಿಗೆ ದುಡ್ಡು ಕೊಟ್ಟಿರುತ್ತಾರೆ, ನೀರು ಬಂದಿಲ್ಲ, ಮುಂದಿನ ಬೋರಿಗೆ ಆಗುತ್ತೆ ಅಂತ ಎಳೆಸುತ್ತಾರೆ. ಅವರ ಸಂಕಟ ಅರ್ಥವಾಗುತ್ತೆ. ಆದರೆ ಪೈಪ್ ಇದ್ದರೆ ನೆಲದ ಮೇಲೆ ಒಂದು ಮೊಳ ಎದ್ದು ಕಾಣುತ್ತೆ, ಕ್ಯಾಪ್ ಹಾಕಬಹುದು. ಕಿತ್ತರೆ ಬಾಯಿ ನೆಲಕ್ಕೆ ಸಮ. ಮೇಲಿನ ಮೆದು ಮಣ್ಣು ಮಳೆಗೆ ಕುಸಿಯುತ್ತೆ, ಆರೂವರೆ ಇಂಚಿನ ತೂತು ಒಂದು ಅಡಿ ಆಗುತ್ತೆ. ಚಪ್ಪಡಿಯ ಕೆಳಗಿನ ಅಂಚೇ ಜಾರುತ್ತೆ. ಗೋಣಿಚೀಲ ಎರಡು ಮಳೆಗಾಲಕ್ಕೆ ಕೊಳೆಯುತ್ತೆ.

ಶಿರಾದವರೇ, ಮುಚ್ಚುವಾಗ ಬಾಯಿಗೆ ಮಾತ್ರ ಮಣ್ಣು ಹಾಕಬೇಡಿ. ಮೇಲೆ ದೊಡ್ಡ ಕಲ್ಲು ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತೆ. ಸಣ್ಣ ಜಲ್ಲಿ, ಮರಳು, ಮಣ್ಣು ತಳದಿಂದ ತುಂಬಿಕೊಂಡು ಬರಬೇಕು, ನಿಧಾನವಾಗಿ. ಒಂದು ಮಳೆಗಾಲ ಕಳೆದ ಮೇಲೆ ಕುಗ್ಗುತ್ತೆ, ಮತ್ತೆ ತುಂಬಬೇಕು.

ಹುಬ್ಬಳ್ಳಿ ವಕೀಲ
ರಾಜಣ್ಣ ಹೇಳಿದ್ದು ಬರೀ ಒಳ್ಳೆಯ ಸಲಹೆ ಅಲ್ಲ, ಸುಪ್ರೀಂ ಕೋರ್ಟಿನ ಮಾತೂ ಹೌದು. 2010ರ ಫೆಬ್ರುವರಿಯಲ್ಲಿ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಬೋರ್ಡ್ ಇರಬೇಕು, ಸುತ್ತ ಮುಳ್ಳುತಂತಿ ಬೇಲಿ ಇರಬೇಕು. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ನೆಲದ ಮೇಲೆ 0.30 ಮೀಟರ್, ಕೆಳಗೆ 0.30 ಮೀಟರ್. ಬಾಯಿಗೆ ಉಕ್ಕಿನ ತಟ್ಟೆ ವೆಲ್ಡ್ ಮಾಡಬೇಕು ಅಥವಾ ಬೋಲ್ಟ್ ಹಾಕಿದ ಕ್ಯಾಪ್ ಇರಬೇಕು. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದ ತನಕ ತುಂಬಬೇಕು.

ನಾಳೆ ಅನಾಹುತ ಆದರೆ "ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ" ಅಂತ ಯಾವ ಮಾಲೀಕನೂ ಹೇಳಲಾಗುವುದಿಲ್ಲ. ಇಡೀ ದೇಶಕ್ಕೆ ಗೊತ್ತು. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ (ನಿರ್ಲಕ್ಷ್ಯದಿಂದ ಸಾವು), ಐದು ವರ್ಷದ ತನಕ ಜೈಲು. ಹಳೇ ದಂಡ ಸಂಹಿತೆಯ 304ಎ ಇದ್ದಾಗ ಎರಡೇ ವರ್ಷ ಇತ್ತು. ಆದರೆ ಕ್ರಿಮಿನಲ್ ಕೇಸಿಗೆ ದೊಡ್ಡ ಮಟ್ಟದ ನಿರ್ಲಕ್ಷ್ಯ ತೋರಿಸಬೇಕು. ಪರಿಹಾರ ಕೇಳುವ ಸಿವಿಲ್ ದಾವೆಗೆ ಅಷ್ಟು ಬೇಡ.

ಶಿರಾ ಸೀಮೆ
ತುಂಬಾ ಉಪಕಾರವಾಯಿತು. ಒಂದು ಅನುಮಾನ. ಬೋರ್ ಕೊರೆಸಿದ್ದು ನಾನಲ್ಲ. ಹಳೇ ಮಾಲೀಕರು ಬಿಟ್ಟುಹೋದ ತಪ್ಪಿಗೂ ನಾನೇ ಹೊಣೆಯಾ?

ಹುಬ್ಬಳ್ಳಿ ವಕೀಲ
ಜಾಗ ಕೈಗೆ ಬಂದ ಮೇಲೆ, ಅಪಾಯ ಗೊತ್ತಾದ ಮೇಲೆ ಅದು ನಿಮ್ಮದೇ. ಬ್ರಿಟನ್ನಿನ 1940ರ ಸೆಡ್ಲಿ ಡೆನ್‌ಫೀಲ್ಡ್ ಕೇಸಿನಲ್ಲಿ ಮಾಲೀಕರ ಚರಂಡಿಯಲ್ಲಿ ಕೌನ್ಸಿಲ್‌ನವರು ಅನುಮತಿ ಇಲ್ಲದೆ ಪೈಪ್ ಹಾಕಿದ್ದರು. ಮಾಲೀಕರಿಗೆ ಗೊತ್ತಿತ್ತು, ಸುಮ್ನೆ ಇದ್ದರು. ಪೈಪ್ ಕಟ್ಟಿಕೊಂಡು ಪಕ್ಕದವರ ಜಾಗಕ್ಕೆ ನೀರು ನುಗ್ಗಿತು. ತಾವು ಹಾಕದ ಪೈಪಿಗೂ ಅವರೇ ಹೊಣೆ ಹೊರಬೇಕಾಯಿತು. ನೋಡಿಯೂ ಬಿಟ್ಟರೆ ಒಪ್ಪಿಕೊಂಡ ಹಾಗೇ.

ಜಯನಗರ ಜಯಾ
ಹಾಗಾದರೆ ಬೆಂಗಳೂರಿನ ರಸ್ತೆ ಮರಗಳ ಕತೆ ಏನು? ಪ್ರತಿ ಮೇ ತಿಂಗಳ ಮಳೆಗೆ ಕೊಂಬೆ ಬಿದ್ದು ಜನ ಸಾಯುತ್ತಾರೆ. ನಮ್ಮ ಬೀದಿಯ ಮರದ ಬುಡದಲ್ಲಿ ಕೈ ತೂರಿಸುವಷ್ಟು ಪೊಳ್ಳು ಇದೆ. ಫೋಟೋ ಸಮೇತ ದೂರು ಕೊಟ್ಟಿದ್ದೇವೆ. ನಾವೇ ಕಡಿಯೋಣ ಅಂದರೆ 1976ರ ಮರ ಸಂರಕ್ಷಣೆ ಕಾಯ್ದೆಯಡಿ ಅಧಿಕಾರಿಯ ಅನುಮತಿ ಬೇಕು. ಕಡಿಯುವ ಹಾಗಿಲ್ಲ, ಅವರು ಬರುವುದೂ ಇಲ್ಲ.

ಮೈಸೂರು ಮೇಷ್ಟ್ರು
ಇದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹಾಗೇ ಓದಿಸುತ್ತೇನೆ.

ಒಂದು, ದೆಹಲಿ ಗಡಿಯಾರ ಗೋಪುರದ್ದು, 1966. ಚಾಂದನಿ ಚೌಕದಲ್ಲಿ ಟೌನ್ ಹಾಲ್ ಎದುರು ಇದ್ದ ಗೋಪುರ ಕುಸಿದು ಜನ ಸತ್ತರು. ಕಟ್ಟಡಕ್ಕೆ 80 ವರ್ಷ. ಅಂಥ ಗಾರೆಯ ಕಟ್ಟಡದ ಆಯಸ್ಸು 40-45 ವರ್ಷ ಅಂತ ಎಂಜಿನಿಯರ್ ಸಾಕ್ಷಿ ಹೇಳಿದ್ದರು. ಪಾಲಿಕೆ ಸೋತಿತು. ರಸ್ತೆ ಪಕ್ಕದ ಕಟ್ಟಡದ ಮಾಲೀಕನಿಗೆ ದಾರಿಹೋಕರ ಬಗ್ಗೆ ವಿಶೇಷ ಹೊಣೆ ಇದೆ, ಒಳಗಿನ ದೋಷ ಕಾಣುತ್ತಿರಲಿಲ್ಲ ಅನ್ನುವುದೂ ನೆಪವಾಗುವುದಿಲ್ಲ ಅಂತ ಕೋರ್ಟು ಹೇಳಿತು.

ಇನ್ನೊಂದು, ರಾಜ್‌ಕೋಟ್ ಮರದ್ದು, 1997. 1975ರಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದವರ ಮೇಲೆ ರಸ್ತೆ ಬದಿಯ ಮರ ಬಿತ್ತು. ಅವರು ತೀರಿಕೊಂಡರು. ಹೆಂಡತಿ ಮಕ್ಕಳಿಗೆ ಕೆಳಗಿನ ಕೋರ್ಟು 45,000 ರೂಪಾಯಿ ಕೊಡಿಸಿತ್ತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಊರಿನ ಪ್ರತಿ ಮರ ಯಾವಾಗ ಬೀಳುತ್ತೆ ಅಂತ ಪಾಲಿಕೆ ಮೊದಲೇ ಊಹಿಸಲಾಗದು, ಇಲ್ಲಿ ಅಂಥ ಹೊಣೆ ಹೊರಿಸಲಾಗದು ಅನ್ನುವ ಧಾಟಿ.

ನನಗೆ ಎರಡನೆಯದು ಇವತ್ತಿಗೂ ಒಪ್ಪಿಗೆ ಇಲ್ಲ. ಕಟ್ಟಡ ನೋಡಿಕೊಳ್ಳಬಲ್ಲ ಸಂಸ್ಥೆ ಮರವನ್ನೂ ನೋಡಿಕೊಳ್ಳಬಲ್ಲದು.

ಕೆಂಗೇರಿ ಗಿರಿ
ಮೇಷ್ಟ್ರೇ, ನಾನು ಒಪ್ಪುವುದಿಲ್ಲ. ಬೀಳುವ ಪ್ರತಿ ಮರಕ್ಕೂ ಪಾಲಿಕೆ ಪರಿಹಾರ ಕೊಡಬೇಕು ಅಂದರೆ ಅವರು ಮಾಡುವ ಮೊದಲ ಕೆಲಸ ಮರ ಕಡಿಸುವುದು. ಇರುವ ನೆರಳೂ ಹೋಗುತ್ತೆ.

ಮೈಸೂರು ಮೇಷ್ಟ್ರು
ಗಟ್ಟಿ ಮರಕ್ಕೆ ನಾನೂ ಕೇಳುತ್ತಿಲ್ಲ. ರಾಜ್‌ಕೋಟ್ ಕೇಸಲ್ಲಿ ಆ ಮರ ಒಣಗಿತ್ತು, ಕೊಳೆತಿತ್ತು ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಜಯಾ ಅವರ ಬೀದಿಯದು ಹಾಗಲ್ಲ. ಪೊಳ್ಳು ಕಾಣುತ್ತಿದೆ, ಫೋಟೋ ಇದೆ, ದೂರು ಇದೆ. ಅಲ್ಲಿ "ಊಹಿಸಲಾಗಲಿಲ್ಲ" ಅನ್ನುವ ಮಾತು ಹೇಗೆ ನಿಲ್ಲುತ್ತೆ? ಆ ದೂರಿನ ಸ್ವೀಕೃತಿ ನಂಬರ್ ಜೋಪಾನ ಮಾಡಿ ಜಯಾ.

ಉಡುಪಿ ಬಾಬಣ್ಣ
ನಮ್ಮ ಕಡೆ ತೆಂಗಿನಕಾಯಿ ತಲೆ ಮೇಲೆ ಬೀಳುವುದೇ ದೊಡ್ಡ ಚಿಂತೆ. ಪಕ್ಕದ ಮನೆ ತೆಂಗು ಪೂರಾ ದಾರಿಗೆ ವಾಲಿದೆ. ತೆಂಗು ಕಡಿಯಲು ಆ ಕಾಯ್ದೆಯಲ್ಲಿ ಅನುಮತಿಯೂ ಬೇಡ, ಹೌದಲ್ವಾ?

ಜಯನಗರ ಜಯಾ
ಹೌದು, ತೆಂಗು, ನೀಲಗಿರಿ, ಸಿಲ್ವರ್ ಓಕ್ ಇಂಥವಕ್ಕೆ ವಿನಾಯಿತಿ ಇದೆ. ಕಡಿಯುವುದು ಯಾಕೆ, ಕಾಯಿ ಬಲಿಯುವ ಮೊದಲೇ ಕೀಳಿಸಿದರೆ ಸಾಕಲ್ಲ. ಒಣ ಗರಿಯನ್ನೂ ಎಳೆಸಬೇಕು.

ನೇರ ಮಾತು
ಹೀಗೆ ಹೋದರೆ ಎಲ್ಲದಕ್ಕೂ ಎಲ್ಲರೂ ಹೊಣೆ. ಎಲ್ಲೋ ಒಂದು ಕಡೆ ಗೆರೆ ಬೇಡವಾ? ನನ್ನ ಹೊಲದಲ್ಲಿ ಯಾರೋ ಬಿದ್ದರು ಅಂತ ಸುದ್ದಿ ಕೇಳಿ ಇನ್ನೊಂದು ಊರಲ್ಲಿ ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆದರೆ ಅದೂ ನಂದೇನಾ?

ಗ್ಲಾಸ್ಗೋ ಕನ್ನಡಿಗ
ಒಳ್ಳೆಯ ಪ್ರಶ್ನೆ, ಅದಕ್ಕೂ ಕೇಸಿದೆ. ಎಡಿನ್‌ಬರೋದಲ್ಲಿ ಟ್ರಾಮ್‌ನಿಂದ ಇಳಿದು ಮೀನಿನ ಬುಟ್ಟಿ ಎತ್ತಿಕೊಳ್ಳುತ್ತಿದ್ದ ಬಸುರಿ ಹೆಂಗಸು. ಆಚೆ ಬದಿಯಲ್ಲಿ ಬೈಕ್ ಸವಾರನೊಬ್ಬ ಕಾರಿಗೆ ಗುದ್ದಿ ಸತ್ತ. ಅವರಿಗೆ ಕಂಡಿದ್ದಲ್ಲ, ಸದ್ದು ಕೇಳಿಸಿತು. ಆಮೇಲೆ ರಸ್ತೆ ಮೇಲಿನ ರಕ್ತ ನೋಡಿದರು. ಮಗು ಉಳಿಯಲಿಲ್ಲ. ಸವಾರನ ಆಸ್ತಿ ಮೇಲೆ ದಾವೆ ಹಾಕಿದರು. 1942ರಲ್ಲಿ ಸೋತರು. ಸವಾರ ಜೋರಾಗಿ ಓಡಿಸಿದ್ದು ತಪ್ಪೇ, ಆದರೆ ಅಷ್ಟು ದೂರದಲ್ಲಿ ಮರೆಯಲ್ಲಿ ನಿಂತವರಿಗೆ ಹೀಗಾಗುತ್ತೆ ಅಂತ ಅವನು ಊಹಿಸಬೇಕಿರಲಿಲ್ಲ ಅಂತ ತೀರ್ಪು. ನೀವು ಕೇಳಿದ ಗೆರೆ ಅದೇ.

ಹುಬ್ಬಳ್ಳಿ ವಕೀಲ
ಬ್ರಿಟನ್ನಿನದೇ 1990ರ ಕಪಾರೋ ಕೇಸ್ ಅದೇ ಗೆರೆಯನ್ನು ಇನ್ನೂ ಬಿಡಿಸಿ ಹೇಳಿತು. ಪೆಟ್ಟು ಊಹಿಸುವಂತಿರಬೇಕು, ಇಬ್ಬರ ನಡುವೆ ಹತ್ತಿರದ ಸಂಬಂಧ ಇರಬೇಕು, ಹೊಣೆ ಹೊರಿಸುವುದು ನ್ಯಾಯ ಅನ್ನಿಸಬೇಕು.

ಸ್ಟಾಫ್ ನರ್ಸ್ ದಾವಣಗೆರೆ
ಒಂದು ಕೇಳಲಾ? ಪಕ್ಕದ ಹೊಲದ ತೂತಿಗೆ ಮಗು ಬಗ್ಗಿ ನೋಡುತ್ತಿದೆ, ನಾನು ದಾರಿಯಲ್ಲಿ ಹೋಗುತ್ತಾ ನೋಡಿದೆ, ಕೂಗಲಿಲ್ಲ. ನನ್ನ ಮೇಲೆ ಕೇಸ್ ಆಗುತ್ತಾ?

ಹುಬ್ಬಳ್ಳಿ ವಕೀಲ
ಇಲ್ಲ. ಅಪರಿಚಿತರನ್ನು ಕಾಪಾಡಲೇಬೇಕು ಅನ್ನುವ ಸಾಮಾನ್ಯ ಹೊಣೆ ನಿರ್ಲಕ್ಷ್ಯದ ಕಾನೂನಿನಲ್ಲಿ ಇಲ್ಲ. ಅಪಾಯ ನೀವೇ ಮಾಡಿದ್ದರೆ, ಮಗು ನಿಮ್ಮ ಸುಪರ್ದಿಯಲ್ಲಿದ್ದರೆ, ಆಗ ಬರುತ್ತೆ. ಅಪಘಾತದಲ್ಲೂ ಹಾಗೇ. ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತೆ. ನಿಂತು ನೋಡಿದವರಿಗೆ ಆ ಕಲಂ ಇಲ್ಲ.

ಸ್ಟಾಫ್ ನರ್ಸ್ ದಾವಣಗೆರೆ
ಇದು ಕೇಳಿ ಬೇಜಾರಾಯಿತು. ಆದರೆ ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ನಮಗೆ ಬೇರೆ ಲೆಕ್ಕ. ಸುಪ್ರೀಂ ಕೋರ್ಟಿನ 1989ರ ಪರಮಾನಂದ ಕಟಾರ ತೀರ್ಪು ಬಂದ ಮೇಲೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಪೊಲೀಸ್ ಕಾಗದ ಬರಲಿ ಅಂತ ತುರ್ತು ಚಿಕಿತ್ಸೆ ತಡಮಾಡುವ ಹಾಗಿಲ್ಲ. ಇನ್ನೊಂದು, ಗಾಯಾಳುವನ್ನು ಕರೆತಂದವರಿಗೆ ಭಯ ಬೇಡ. ಅದೇ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ಏನಾದರೂ ಹೆಚ್ಚುಕಡಿಮೆ ಆದರೂ ಅವರ ಮೇಲೆ ಕೇಸ್ ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆಯೇ ಇದೆ. ರಾತ್ರಿ ಪಾಳಿಯಲ್ಲಿ ಎಷ್ಟೋ ಜನ ಗಾಯಾಳುವನ್ನು ಗೇಟಿನಲ್ಲಿ ಇಳಿಸಿ ಹೆಸರೂ ಹೇಳದೆ ಓಡುತ್ತಾರೆ. ಎರಡು ನಿಮಿಷ ನಿಂತು ಎಲ್ಲಿ, ಯಾವಾಗ ಆಯಿತು ಅಂತ ಹೇಳಿದರೆ ಡಾಕ್ಟರಿಗೆ ಎಷ್ಟೋ ಅನುಕೂಲ. ದಯವಿಟ್ಟು ನಿಲ್ಲಿ.

ನೇರ ಮಾತು
ಸರಿ. ಬೋರ್ ಮುಚ್ಚಬೇಕು ಅನ್ನುವುದಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ರೈತನೊಬ್ಬನ ತಲೆಗೇ ಕಟ್ಟಬೇಡಿ ಅಂದೆ. ಕೊರೆದು ದುಡ್ಡು ಎಣಿಸಿಕೊಂಡು ಹೋದ ಲಾರಿಯವರಿಗೆ ಹೊಣೆ ಇಲ್ಲವಾ?

ರಿಗ್ ರಾಜಣ್ಣ
ಇದೆ, ಇರಲೇಬೇಕು. ನನ್ನ ಲಾರಿಯಲ್ಲಿ ಕ್ಯಾಪ್ ಯಾವಾಗಲೂ ಇರುತ್ತೆ. ನೀರು ಬರಲಿ ಬಿಡಲಿ, ಕ್ಯಾಪ್ ಹಾಕಿ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಯೇ ರಾಡು ಇಳಿಸುವುದು. ಕೇಸಿಂಗ್ ಕೀಳಿ ಅಂದರೆ, ತುಂಬಲು ಮಣ್ಣು ರೆಡಿ ಇಟ್ಟುಕೊಂಡು ಕರೆಯಿರಿ ಅಂತೀನಿ. ಇದರಿಂದ ಕೆಲವು ಗಿರಾಕಿಗಳು ಬೇರೆ ಲಾರಿಗೆ ಹೋಗಿದ್ದಾರೆ. ಹೋಗಲಿ.

ಇಂಡಿ ಲಿಂಬಿ
ರಾಜಣ್ಣ, ನಿಮ್ಮಂಥವರು ನಮ್ಮ ಕಡೆಯೂ ಬೇಕು. ಹೊಲ ಗುತ್ತಿಗೆಗೆ ಕೊಟ್ಟಿದ್ದರೆ ಯಾರು ಮುಚ್ಚಬೇಕು ವಕೀಲರೇ? ನಮ್ಮ ಓಣಿಯಲ್ಲಿ ಇದೇ ಜಗಳ. ಮಾಲೀಕ ಪುಣೆಯಲ್ಲಿದ್ದಾನೆ, ಉಳುವವನು ಇಲ್ಲಿದ್ದಾನೆ.

ಹುಬ್ಬಳ್ಳಿ ವಕೀಲ
ದಿನಾ ಜಾಗ ಯಾರ ಹತೋಟಿಯಲ್ಲಿದೆಯೋ ಅವರ ಹೊಣೆ ಮೊದಲು. ಹಾಗಂತ ಬೋರ್ ಕೊರೆಸಿ ಬಿಟ್ಟುಹೋದ ಮಾಲೀಕ ಕೈ ತೊಳೆದುಕೊಳ್ಳಲಾಗದು, ಇಬ್ಬರನ್ನೂ ಪ್ರತಿವಾದಿ ಮಾಡಬಹುದು. ಅದಕ್ಕೆ ಕಾಯಬೇಡಿ. ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಸರ್ವೆ ನಂಬರ್ ಹಾಕಿ, ಒಂದು ಪ್ರತಿ ತಹಶೀಲ್ದಾರ್‌ಗೆ, ಇನ್ನೊಂದು ಪುಣೆಯ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ. ಅರ್ಜಿಯ ಕರಡು ಬೇಕಿದ್ದರೆ ಇಲ್ಲೇ ಹಾಕುತ್ತೇನೆ.

ಇಂಡಿ ಲಿಂಬಿ
ಹಾಕ್ರಿ. ಸರ್ವೆ ನಂಬರ್ ಇವತ್ತು ಸಂಜೆ ಪಹಣಿ ನೋಡಿ ತರುತ್ತೇನೆ.